ಎರಡು ಸಂಬಳದ ಮನೆ: ಆರೋಗ್ಯದ ಲೆಕ್ಕವೂ ಇರಲಿ

ಶಿವಮೊಗ್ಗದ ವಿನೋಬನಗರದಲ್ಲೋ ಗೋಪಾಳದಲ್ಲೋ ಸ್ವಂತ ಮನೆ ಮಾಡಿಕೊಳ್ಳಬೇಕೆಂದು ಹೊರಡುವ ದಂಪತಿಗಳು ಮೊದಲು ಕೇಳಿಕೊಳ್ಳುವ ಪ್ರಶ್ನೆ: ‘ಒಬ್ಬರ ಸಂಬಳದಲ್ಲಿ ಆಗುತ್ತದೆಯೇ?’ ಈ ಪ್ರಶ್ನೆಗೆ ಆರೋಗ್ಯದ ಅಂಕಣದಲ್ಲೇನು ಕೆಲಸ ಎಂದು ನಿಮಗೆ ಅನ್ನಿಸಬಹುದು. ಸುಸ್ತು, ತಲೆನೋವು, ಹೊಟ್ಟೆ ಉರಿ, ನಿದ್ದೆ ಬಾರದಿರುವುದು ಎಂದು ವೈದ್ಯರ ಬಳಿ ಹೋಗುವ ಮೂವತ್ತು ನಲವತ್ತರ ಪ್ರಾಯದವರ ದಿನಚರಿಯನ್ನು ಒಮ್ಮೆ ಕೇಳಿ ನೋಡಿ. ಕಾಯಿಲೆಯ ಬೇರು ಎಷ್ಟೋ ಸಲ ಮನೆ ಸಾಲದ ಕಂತಿನಲ್ಲಿ, ಬೆಳಗಿನ ಬಸ್ಸಿನ ಧಾವಂತದಲ್ಲಿ ಸಿಗುತ್ತದೆ.

‘ನಮ್ಮ ತಂದೆಯವರ ಕಾಲದಲ್ಲಿ ಒಂದೇ ಸಂಬಳ. ಆರು ಜನ ಸುಖವಾಗಿ ಇರಲಿಲ್ಲವೇ?’ ಈ ಮಾತು ಭದ್ರಾವತಿಯ ಮನೆಗಳಲ್ಲಿ ಆಗಾಗ ಬರುತ್ತದೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. 1923ರಲ್ಲಿ ಉತ್ಪಾದನೆ ಆರಂಭಿಸಿ ಮುಂದೆ ವಿ.ಐ.ಎಸ್.ಎಲ್. ಎನಿಸಿದ ಕಬ್ಬಿಣದ ಕಾರ್ಖಾನೆಯಲ್ಲಾಗಲಿ, 1930ರ ದಶಕದಲ್ಲಿ ಸ್ಥಾಪನೆಯಾದ ಎಂ.ಪಿ.ಎಂ. ಕಾಗದದ ಕಾರ್ಖಾನೆಯಲ್ಲಾಗಲಿ ಖಾಯಂ ನೌಕರನಿಗೆ ಸಿಗುತ್ತಿದ್ದುದು ಸಂಬಳವೊಂದೇ ಅಲ್ಲ. ನ್ಯೂ ಟೌನಿನಲ್ಲೋ ಪೇಪರ್ ಟೌನಿನಲ್ಲೋ ಕ್ವಾರ್ಟರ್ಸು ಇತ್ತು. ಕಾರ್ಖಾನೆಯದೇ ಆಸ್ಪತ್ರೆ ಇತ್ತು. ಸೈಕಲ್ಲಿನಲ್ಲಿ ಹೋಗಿ ಬರುವಷ್ಟು ಹತ್ತಿರದಲ್ಲಿ ಕೆಲಸವಿತ್ತು. ಇವೆಲ್ಲದರ ಜೊತೆಗೆ, ಪಾಳಿಗೆ ತಕ್ಕಂತೆ ಬುತ್ತಿ ಕಟ್ಟಿ, ಮಕ್ಕಳನ್ನೂ ಅತ್ತೆಮಾವಂದಿರನ್ನೂ ನೋಡಿಕೊಂಡು, ಬೆಳಗಿನ ಐದರಿಂದ ರಾತ್ರಿ ಹತ್ತರವರೆಗೆ ದುಡಿಯುವ ಹೆಂಗಸೊಬ್ಬರು ಮನೆಯಲ್ಲಿದ್ದರು. ಅವರ ದುಡಿಮೆ ಸಂಬಳದ ಚೀಟಿಯಲ್ಲಿ ಕಾಣಿಸುತ್ತಿರಲಿಲ್ಲ, ಅಷ್ಟೆ.

ಆ ಏರ್ಪಾಡು ಉಳಿಯಲಿಲ್ಲ. ಎಂ.ಪಿ.ಎಂ.ನಲ್ಲಿ ಉತ್ಪಾದನೆ 2015ರಲ್ಲಿ ನಿಂತಿತು. ವಿ.ಐ.ಎಸ್.ಎಲ್. ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿತ್ತು. ಕಾರ್ಮಿಕರ ಹೋರಾಟದ ನಡುವೆ ಅದೇ ವರ್ಷದ ಆಗಸ್ಟಿನಲ್ಲಿ ಸ್ವಲ್ಪ ಮಟ್ಟಿಗೆ ಕೆಲಸ ಮತ್ತೆ ಶುರುವಾಯಿತು. ಒಂದೇ ಸಂಬಳವನ್ನು ನಂಬಿದ ಮನೆಗೆ ಆ ಸಂಬಳ ನಿಂತ ತಿಂಗಳು ಏನಾಗುತ್ತದೆ ಎಂಬುದನ್ನು ಭದ್ರಾವತಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೆಲಸ ಹೋದ ಗಂಡಸಿನ ರಕ್ತದೊತ್ತಡ, ಕುಡಿತ, ಖಿನ್ನತೆ ಇವೂ ಆರೋಗ್ಯದ ವಿಷಯಗಳೇ. ಆದ್ದರಿಂದ ‘ಹೆಂಗಸರು ಮನೆಯಲ್ಲೇ ಇದ್ದರೆ ಎಲ್ಲ ಸರಿಹೋಗುತ್ತದೆ’ ಎಂಬ ಸಲಹೆಯನ್ನು ಇಲ್ಲಿ ನಿರೀಕ್ಷಿಸಬೇಡಿ.

ರೂಪಾಯಿಯ ಲೆಕ್ಕ

ಒಂದು ಕಾಗದ, ಪೆನ್ಸಿಲ್ ತೆಗೆದುಕೊಳ್ಳಿ. ಮನೆಗೆ 30 ಲಕ್ಷ ರೂಪಾಯಿ ಸಾಲ, ಶೇ 8.5 ಬಡ್ಡಿ, 20 ವರ್ಷ ಎಂದಿಟ್ಟುಕೊಂಡರೆ ತಿಂಗಳ ಕಂತು ಸುಮಾರು 26,000 ರೂಪಾಯಿ. ಗಂಡನಿಗೆ 45,000, ಹೆಂಡತಿಗೆ 20,000 ಸಂಬಳ ಎಂದುಕೊಳ್ಳೋಣ. ಇವು ಉದಾಹರಣೆಯ ಅಂಕಿಗಳು, ನಿಮ್ಮವನ್ನು ನೀವು ಹಾಕಿಕೊಳ್ಳಿ. ಗಂಡನ ಸಂಬಳದಲ್ಲಿ ಕಂತು ಕಳೆದರೆ ಉಳಿಯುವುದು 19,000. ಅದರಲ್ಲಿ ದಿನಸಿ, ಹಾಲು, ಕರೆಂಟು, ಮಕ್ಕಳ ಶಾಲೆ, ಊರಿನಲ್ಲಿರುವ ತಂದೆತಾಯಿಗಳ ಔಷಧಿ ಎಲ್ಲವೂ ಆಗಬೇಕು. ಆಗುವುದು ಕಷ್ಟ. ಹಾಗಾಗಿ ಇಂಥ ಬಡಾವಣೆಯಲ್ಲಿ ಇಂಥ ಸಾಲದ ಮನೆಗೆ ಎರಡು ಸಂಬಳ ಬೇಕೇ ಎಂದರೆ, ಬೇಕು ಎನ್ನುವುದೇ ಪ್ರಾಮಾಣಿಕ ಉತ್ತರ.

ಆದರೆ ಎರಡನೆಯ ಸಂಬಳ ಪೂರ್ತಿ ಕೈಗೆ ಸಿಗುವುದಿಲ್ಲ. ಮಗುವನ್ನು ನೋಡಿಕೊಳ್ಳುವವರಿಗೆ 6,000, ಕೆಲಸದಾಕೆಗೂ ಅಡುಗೆ ಮಾಡಲಾಗದ ದಿನ ಹೋಟೆಲಿನಿಂದ ತರಿಸುವುದಕ್ಕೂ 4,000, ಸ್ಕೂಟರಿಗೆ ಪೆಟ್ರೋಲು 2,000 ಎಂದು ಕಳೆದರೆ ಉಳಿಯುವುದು 8,000. ‘ಇಷ್ಟಕ್ಕಾಗಿ ಇಷ್ಟೊಂದು ಒದ್ದಾಟವೇ?’ ಎಂದು ಗಂಡಂದಿರು ಕೇಳುವುದುಂಟು. ಮಗು ಇಬ್ಬರದೂ ಆಗಿರುವಾಗ ಅದನ್ನು ನೋಡಿಕೊಳ್ಳುವ ಖರ್ಚನ್ನು ಹೆಂಡತಿಯ ಸಂಬಳದಿಂದ ಮಾತ್ರ ಕಳೆಯುವ ಈ ಲೆಕ್ಕ ಮೊದಲಿಗೇ ತಪ್ಪು. ಭವಿಷ್ಯನಿಧಿ, ಮುಂದಿನ ಬಡ್ತಿ, ಗಂಡನ ಕೆಲಸ ಹೋದರೆ ಕೈಹಿಡಿಯುವ ಧೈರ್ಯ ಇವು ಆ 8,000ದಲ್ಲಿ ಕಾಣುವುದಿಲ್ಲ. ಇನ್ನೊಂದು ಮಾತನ್ನು ಹಲವರು ಗಮನಿಸುವುದೇ ಇಲ್ಲ. ನೌಕರರ ರಾಜ್ಯ ವಿಮೆಯ ಸಂಬಳದ ಮಿತಿಯನ್ನು 2017ರಲ್ಲಿ 21,000 ರೂಪಾಯಿಗೆ ಏರಿಸಲಾಯಿತು. ಹೆಂಡತಿ ಈ ವಿಮೆಗೆ ಒಳಪಟ್ಟ ಸಂಸ್ಥೆಯಲ್ಲಿದ್ದರೆ ಗಂಡ, ಮಕ್ಕಳಿಗೂ ವೈದ್ಯಕೀಯ ಸೌಲಭ್ಯ ದೊರೆಯುತ್ತದೆ. ಆ ಕಾರ್ಡನ್ನು ಬೀರುವಿನಲ್ಲಿಟ್ಟು ನರ್ಸಿಂಗ್ ಹೋಮಿಗೆ ಹಣ ಸುರಿಯುವ ಮನೆಗಳಿವೆ.

ಗಂಟೆಗಳ ಲೆಕ್ಕ

ಹಣದ ಲೆಕ್ಕವನ್ನು ಎಲ್ಲರೂ ಮಾಡುತ್ತಾರೆ, ಗಂಟೆಗಳ ಲೆಕ್ಕವನ್ನು ಯಾರೂ ಮಾಡುವುದಿಲ್ಲ. ಶರೀರ ಕೆಡುವುದು ಇಲ್ಲಿಯೇ. 2024ರಲ್ಲಿ ಕೇಂದ್ರ ಸರ್ಕಾರ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಅದರಲ್ಲಿ ಕಳೆಯುತ್ತಾರೆ. ಗಂಡಸರು 88 ನಿಮಿಷ. ಹೆಂಗಸರದು ಹೆಚ್ಚುಕಡಿಮೆ ಐದು ಗಂಟೆ.

ಭದ್ರಾವತಿಯಲ್ಲಿ ಮನೆ, ಶಿವಮೊಗ್ಗದಲ್ಲಿ ಕಚೇರಿ ಇರುವ ಮಹಿಳೆಯ ದಿನವನ್ನು ನೋಡಿ. ದೂರ ಸುಮಾರು 20 ಕಿಲೋಮೀಟರ್. ಬಸ್ಸಿಗೆ ಕಾಯುವುದೂ ಸೇರಿ ಹೋಗಿ ಬರಲು ಎರಡು ಗಂಟೆ. ನಡುವೆ ಮಾಚೇನಹಳ್ಳಿಯ ಸಿದ್ಧ ಉಡುಪಿನ ಕಾರ್ಖಾನೆಗೆ ಎರಡೂ ಊರುಗಳಿಂದ ಹೋಗುವ ಹೆಣ್ಣುಮಕ್ಕಳ ಪಾಡೂ ಬೇರೆಯಲ್ಲ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಹಣ ಉಳಿಯಿತು, ಸಮಯ ಉಳಿಯಲಿಲ್ಲ. ಕೆಲಸಕ್ಕೆ ಎಂಟೂವರೆ ಗಂಟೆ, ಪ್ರಯಾಣಕ್ಕೆ ಎರಡು, ಮನೆಗೆಲಸಕ್ಕೆ ಐದು ಎಂದರೆ ಹದಿನೈದೂವರೆ ಆಯಿತು. ಉಳಿದ ಎಂಟೂವರೆಯಲ್ಲಿ ಸ್ನಾನ, ಊಟ, ಮಗುವಿನ ಹೋಂವರ್ಕ್ ಕಳೆದರೆ ನಿದ್ದೆಗೆ ಸಿಗುವುದು ಆರು ಗಂಟೆ, ಕೆಲವೊಮ್ಮೆ ಐದೇ.

ವಯಸ್ಕರಿಗೆ ಕನಿಷ್ಠ ಏಳು ಗಂಟೆಯ ನಿದ್ದೆ ಬೇಕು. ತಿಂಗಳುಗಟ್ಟಲೆ ನಿದ್ದೆ ಕಡಿಮೆಯಾದರೆ ಹಸಿವನ್ನು ಹೆಚ್ಚಿಸುವ ಹಾರ್ಮೋನು ಏರಿ, ಹೊಟ್ಟೆ ತುಂಬಿತೆಂದು ತಿಳಿಸುವ ಹಾರ್ಮೋನು ಇಳಿಯುತ್ತದೆ. ಸಂಜೆ ಬೋಂಡ, ಚಕ್ಕುಲಿ ಬೇಕೆನಿಸುವುದು ಬಾಯಿಚಪಲವೊಂದರಿಂದಲೇ ಅಲ್ಲ. ತೂಕ, ರಕ್ತದೊತ್ತಡ, ಸಕ್ಕರೆ ಮೂರೂ ನಿಧಾನವಾಗಿ ಏರತೊಡಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗಿಂತ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು ಜಾಸ್ತಿ ಎಂದು ಕಂಡುಬಂತು. ಆ ಗಂಟೆಗಳು ಸಂಬಳದ ದುಡಿಮೆಯವು. ಮನೆಗೆಲಸಕ್ಕೆ ಅದೇ ಅಂಕಿಯನ್ನು ಅಂಟಿಸಲಾಗದು ನಿಜ. ಆದರೂ ಪಾತ್ರೆ ತೊಳೆಯುವ ಹೊತ್ತನ್ನು ವಿಶ್ರಾಂತಿ ಎನ್ನಲಾದೀತೇ?

ಅಜ್ಜಿತಾತಂದಿರ ಮಾತನ್ನೂ ಹೇಳಬೇಕು. ಮಗುವನ್ನು ಅವರ ಬಳಿ ಬಿಟ್ಟರೆ 6,000 ಉಳಿಯಿತು ಎನ್ನುತ್ತೇವೆ. ಮಂಡಿನೋವಿನ ಅಜ್ಜಿ ಎರಡು ವರ್ಷದ ಮೊಮ್ಮಗನ ಹಿಂದೆ ದಿನವಿಡೀ ಓಡುವುದು ಮೂರನೆಯ ದುಡಿಮೆ. ಭಾನುವಾರವಾದರೂ ಅವರಿಗೆ ರಜೆ ಕೊಡಿ, ಅವರ ಬಿ.ಪಿ. ಮಾತ್ರೆ ಮುಗಿದಿದೆಯೇ ಎಂದು ನೋಡಿ.

ಹಾಗಾದರೆ ಏನು ಮಾಡಬಹುದು? ಸಾಲ ತೆಗೆಯುವ ಮೊದಲಾದರೆ, ಕಂತನ್ನು ಒಬ್ಬರ ಸಂಬಳದ ಮೂರನೇ ಒಂದು ಭಾಗಕ್ಕೆ ಮಿತಿಗೊಳಿಸಿ ನೋಡಿ. ಮೇಲಿನ ಉದಾಹರಣೆಯಲ್ಲಿ ಅದು 15,000. ಅಂದರೆ ಮನೆ ಚಿಕ್ಕದಾಗುತ್ತದೆ, ಇಲ್ಲವೇ ಬಡಾವಣೆ ಬದಲಾಗುತ್ತದೆ. ಕಚೇರಿಗೆ ಹತ್ತಿರದ ಸಣ್ಣ ಮನೆ ದಿನಕ್ಕೆ ಒಂದೂವರೆ ಗಂಟೆ ನಿದ್ದೆ ಉಳಿಸಿದರೆ, ಅದು ದೂರದ ದೊಡ್ಡ ಮನೆಗಿಂತ ಲಾಭದ್ದೆಂದೇ ನನ್ನ ಅಭಿಪ್ರಾಯ. ಸಾಲ ಆಗಲೇ ಆಗಿದ್ದರೆ ಗಂಟೆಗಳನ್ನಾದರೂ ಹಂಚಿಕೊಳ್ಳಿ. ‘ಸಹಾಯ ಮಾಡುತ್ತೇನೆ’ ಎನ್ನುವ ಗಂಡಸರಿಂದ ಹೆಚ್ಚು ಪ್ರಯೋಜನವಿಲ್ಲ; ಏಕೆಂದರೆ ಏನು ಮಾಡಬೇಕೆಂದು ಹೇಳುವ ಕೆಲಸವೂ ಹೆಂಡತಿಯದೇ ಆಗುತ್ತದೆ. ಬೆಳಗಿನ ತಿಂಡಿ ಮತ್ತು ಮಕ್ಕಳ ಡಬ್ಬಿ ಪೂರ್ತಿ ಗಂಡನದು ಎಂದಾಗಲಿ. ರಾತ್ರಿ ರುಬ್ಬಿಟ್ಟ ಹಿಟ್ಟಿನಲ್ಲಿ ನೀರುದೋಸೆ ಹುಯ್ಯುವುದು ಕಲಿಯಲಾಗದ ವಿದ್ಯೆಯಲ್ಲ.

ಹೆಂಗಸರು ತಿಂಡಿ ಬಿಟ್ಟು ಬರೀ ಟೀ ಕುಡಿದು ಬಸ್ಸು ಹತ್ತುವ ರೂಢಿ ನಿಲ್ಲಬೇಕು. ‘ಕೆಲಸ ಜಾಸ್ತಿ, ಅದಕ್ಕೇ ಸುಸ್ತು’ ಎಂದು ತಳ್ಳಿಹಾಕುವ ಸುಸ್ತು ಬಹಳ ಸಲ ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 57 ಮಂದಿಗೆ ಅದು ಇತ್ತು. ಊಟದ ಜೊತೆ ಅಥವಾ ಊಟವಾದ ಕೂಡಲೇ ಕುಡಿಯುವ ಟೀ, ಕಾಫಿ ಆಹಾರದಲ್ಲಿನ ಕಬ್ಬಿಣಾಂಶವನ್ನು ಹೀರಲು ಬಿಡುವುದಿಲ್ಲ. ಒಂದು ಗಂಟೆ ಅಂತರವಿರಲಿ. ಸೊಪ್ಪಿನ ಪಲ್ಯಕ್ಕೆ, ಮೊಳಕೆ ಕಾಳಿಗೆ ನಿಂಬೆಹುಳಿ ಹಿಂಡಿಕೊಂಡರೆ ಕಬ್ಬಿಣ ಹೆಚ್ಚು ದಕ್ಕುತ್ತದೆ. ಎರಡು ವಾರ ಚೆನ್ನಾಗಿ ಮಲಗಿದರೂ ಸುಸ್ತು ಹೋಗದಿದ್ದರೆ, ಮೆಟ್ಟಿಲು ಹತ್ತುವಾಗ ಏದುಸಿರು ಬಂದರೆ ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ ಪರೀಕ್ಷೆ ಮಾಡಿಸಿ, ರಕ್ತದೊತ್ತಡ ತೋರಿಸಿ. ಗರ್ಭಿಣಿಯಲ್ಲದ ಮಹಿಳೆಗೆ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಅಂಗಡಿಯಿಂದ ಟಾನಿಕ್ ತಂದು ಕುಡಿಯುವ ಬದಲು ವೈದ್ಯರನ್ನು ಕಾಣಿ. ಮುಟ್ಟಿನಲ್ಲಿ ರಕ್ತಸ್ರಾವ ಹೆಚ್ಚಾಗುತ್ತಿದ್ದರೆ ಸಂಕೋಚವಿಲ್ಲದೆ ಅದನ್ನೂ ಅವರಿಗೆ ತಿಳಿಸಿ.