ಹಸುಗೂಸಿನೊಡನೆ ದೂರದ ಯಾತ್ರೆ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಭಕ್ತರ ಮನೆಗಳಲ್ಲಿ ಕೂಸು ಹುಟ್ಟಿದೊಡನೆ ಎರಡು ಮಾತುಗಳು ಕೇಳಿಬರುತ್ತವೆ. ಲಿಂಗಧಾರಣೆ ಯಾವಾಗ ಎಂಬುದು ಮೊದಲನೆಯದು. ಕೂಸನ್ನು ಎಲ್ಲಿಗೆ ಒಯ್ದು ತೋರಿಸಬೇಕು ಎಂಬುದು ಎರಡನೆಯದು. ಕೆಲವರಿಗೆ ಕೊಪ್ಪಳದ ಗವಿಸಿದ್ಧೇಶ್ವರನ ಗದ್ದುಗೆ, ಕೆಲವರಿಗೆ ಕೂಡಲಸಂಗಮ, ಕೆಲವರಿಗೆ ಉಳವಿಯ ಚನ್ನಬಸವಣ್ಣ, ಬಹಳಷ್ಟು ಮನೆತನಗಳಿಗೆ ಶ್ರೀಶೈಲದ ಮಲ್ಲಯ್ಯ. ಹರಕೆ ಹೊತ್ತು ಪಡೆದ ಕೂಸಾದರಂತೂ ವರುಷ ತುಂಬುವುದರೊಳಗೆ ಸನ್ನಿಧಿ ಮುಟ್ಟಿಸಬೇಕೆಂದು ಹಿರಿಯರು ಪಟ್ಟು ಹಿಡಿಯುತ್ತಾರೆ. ಈ ಭಕ್ತಿಯನ್ನು ನಾವು ಗೌರವಿಸುತ್ತೇವೆ. ಆದರೆ ಅಷ್ಟು ದೂರದ ದಾರಿ ಯಾರ ಅನುಕೂಲವನ್ನು ನೋಡಿಕೊಂಡು ಸಾಗಬೇಕು ಎಂಬ ಪ್ರಶ್ನೆಯನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಎತ್ತಬೇಕಾದ ಕೂಸಿಗೆ ಇನ್ನೂ ಮಾತು ಬಂದಿರುವುದಿಲ್ಲ. ಆದ್ದರಿಂದ ಅದರ ಪರವಾಗಿ ನಾಲ್ಕು ಮಾತುಗಳನ್ನು ನಾವು ಇಲ್ಲಿ ಅರಿಕೆ ಮಾಡಿಕೊಳ್ಳುತ್ತಿದ್ದೇವೆ.

ಎತ್ತು ಕಲಿಸಿದ ಪಾಠ

ಹಿಂದೆ ನಮ್ಮವರ ದೂರದ ಪಯಣವೆಂದರೆ ಚಕ್ಕಡಿಯ ಪಯಣ. ಮಾಘ ಮಾಸದ ಭಾರತ ಹುಣ್ಣಿಮೆಯ ಸುಮಾರಿಗೆ ನಡೆಯುವ ಉಳವಿ ಜಾತ್ರೆಗೆ ಇಂದಿಗೂ ಉತ್ತರ ಕರ್ನಾಟಕದ ಅನೇಕ ಊರುಗಳಿಂದ ಚಕ್ಕಡಿ ಕಟ್ಟಿಕೊಂಡು ಹೋಗುವವರಿದ್ದಾರೆ. ಆ ದಾರಿಗೊಂದು ಹಿರಿಮೆಯುಂಟು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣವನ್ನು ತೊರೆದ ಶರಣರು ಚನ್ನಬಸವಣ್ಣನವರೊಡನೆ ಉಳವಿಯತ್ತ ನಡೆದರೆಂದೂ, ಅವರ ತಾಯಿ ಅಕ್ಕನಾಗಮ್ಮನವರೂ ಜೊತೆಗಿದ್ದರೆಂದೂ ಪರಂಪರೆ ಹೇಳುತ್ತದೆ. ಅದು ತಾಯಂದಿರೂ ನಡೆದ ದಾರಿ.

ಚಕ್ಕಡಿಯ ಪಯಣದಲ್ಲಿ ಒಂದು ಸೌಲಭ್ಯವಿತ್ತು. ಎತ್ತುಗಳಿಗೆ ದಣಿವಾಗುತ್ತಿತ್ತು. ಬಿಸಿಲೇರುವ ಮೊದಲೇ ಕೆರೆಯ ದಂಡೆಯಲ್ಲೋ ಮರದ ನೆರಳಿನಲ್ಲೋ ಕೊಳ್ಳು ಹರಿದು ಎತ್ತುಗಳಿಗೆ ನೀರು, ಮೇವು ತೋರಿಸುತ್ತಿದ್ದರು. ಆ ಹೊತ್ತಿನಲ್ಲಿ ತಾಯಿ ಕೂಸಿಗೆ ಹಾಲೂಡಿಸುತ್ತಿದ್ದಳು. ಕೂಸು ಕೌದಿಯ ಮೇಲೆ ಕೈಕಾಲು ಬಡಿದು ಆಡುತ್ತಿತ್ತು. ಎತ್ತಿನ ವಿಶ್ರಾಂತಿಯೇ ಕೂಸಿನ ವಿಶ್ರಾಂತಿಯಾಗಿತ್ತು. ಈಗ ಕುಷ್ಟಗಿಯ ಮೇಲೆ 50ನೆಯ ರಾಷ್ಟ್ರೀಯ ಹೆದ್ದಾರಿ, ಕೊಪ್ಪಳದ ಮೇಲೆ 67ನೆಯ ರಾಷ್ಟ್ರೀಯ ಹೆದ್ದಾರಿ ಹಾದುಹೋಗಿವೆ. ಮೋಟಾರಿಗೆ ದಣಿವೆಂಬುದಿಲ್ಲ. ಆದ್ದರಿಂದ ಎಲ್ಲಿ ನಿಲ್ಲಬೇಕೆಂಬ ಅರಿವನ್ನು ನಾವೇ ತಂದುಕೊಳ್ಳಬೇಕು. ಎರಡು ತಾಸಿಗೊಮ್ಮೆ ಗಾಡಿ ನಿಲ್ಲಲೇಬೇಕು. ಕೂಸನ್ನು ಹೊರಗೆ ತೆಗೆದು, ಅರಿವೆ ಬದಲಿಸಿ, ಹಾಲು ಕುಡಿಸಿ, ಬೆನ್ನು ನೇರವಾಗುವಂತೆ ಮಲಗಿಸಬೇಕು. ನಿದ್ರೆಯಲ್ಲಿದೆಯಲ್ಲ ಎಂದು ನಾಲ್ಕೈದು ತಾಸು ಹಾಗೆಯೇ ಸಾಗುವುದು ಸಲ್ಲದು.

ದಿನ ದೊಡ್ಡದೋ, ಕೂಸು ದೊಡ್ಡದೋ

ಯುಗಾದಿಗೆ ಶ್ರೀಶೈಲಕ್ಕೆ ಹೋಗುವುದು ನಮ್ಮ ಭಾಗದ ಬಹುಕಾಲದ ವಾಡಿಕೆ. ಭ್ರಮರಾಂಬೆಯನ್ನು ಮನೆಯ ಮಗಳೆಂದೇ ಭಾವಿಸಿ ಸೀರೆ, ಕುಪ್ಪಸ ಒಯ್ಯುವ ಮನೆತನಗಳಿವೆ. ಆದರೆ ಕೊಪ್ಪಳದಿಂದ ಹೊಸಪೇಟೆ, ಬಳ್ಳಾರಿ, ಕರ್ನೂಲು ಹಾದು ಶ್ರೀಶೈಲಕ್ಕೆ ಸುಮಾರು 400 ಕಿಲೋಮೀಟರು ದಾರಿ. ಯುಗಾದಿಯ ಹೊತ್ತಿಗೆ ಆ ಸೀಮೆಯ ಬಿಸಿಲು 40 ಡಿಗ್ರಿಯ ಸಮೀಪಕ್ಕೆ ಬಂದಿರುತ್ತದೆ. ಕೊನೆಗೆ ನಲ್ಲಮಲೆಯ ಕಾಡು ಮತ್ತು ಘಟ್ಟ. ಅಲ್ಲಿ ರಾತ್ರಿ ವಾಹನ ಸಂಚಾರಕ್ಕೆ ನಿರ್ಬಂಧವಿರುವುದರಿಂದ ಗೇಟು ಮುಚ್ಚುವುದರೊಳಗೆ ದಾಟಬೇಕೆಂದು ಚಾಲಕರು ಮಧ್ಯಾಹ್ನದ ಉರಿಯಲ್ಲೂ ನಿಲ್ಲದೆ ಓಡಿಸುತ್ತಾರೆ.

ನಾವು ಬಲ್ಲ ಒಂದು ಮನೆತನದವರು ಹೀಗೆಯೇ ಮೂರು ತಿಂಗಳ ಕೂಸಿನೊಡನೆ ಹೊರಟಿದ್ದರು. ಬಾಡಿಗೆಯ ಕ್ರೂಸರಿನಲ್ಲಿ ಹನ್ನೆರಡು ಜನ. ನಸುಕಿನಲ್ಲಿ ಹೊರಟವರು ಬಳ್ಳಾರಿ ದಾಟುವಾಗ ನಡುಮಧ್ಯಾಹ್ನ. ಅಳುತ್ತಿದ್ದ ಕೂಸು ಸುಮ್ಮನಾಯಿತು. ಮಲಗಿತೆಂದು ಎಲ್ಲರೂ ಸಮಾಧಾನಪಟ್ಟರು. ತಾಯಿ ಮಾತ್ರ ಅರಿವೆ ಮುಟ್ಟಿ ನೋಡಿ, “ಅತ್ತೀ, ಮುಂಜಾನಿಂದ ಕೂಸು ಒಂದೂ ಅರಿವಿ ತೊಯ್ಸಿಲ್ಲ” ಎಂದಳು. “ಹಬ್ಬದ ದಿನದ ದರ್ಶನ ತಪ್ಪಿದ್ರ ಹರಕಿ ತಪ್ಪಿದಂಗ ಆಕ್ಕೈತಿ, ಇನ್ನೊಂದೀಟು ಹೋಗೂಣು ತಡಿಯವ್ವ” ಎಂದರು ಅತ್ತೆ. ಮುಂದಿನ ಸೀಟಿನಲ್ಲಿದ್ದ ಮನೆಯ ಯಜಮಾನರು ಹಿಂದಿರುಗಿ ನೋಡಿ, “ಗಾಡಿ ನಿಲ್ಸಪಾ ತಮ್ಮಾ. ಮಲ್ಲಯ್ಯ ಎಲ್ಲಿಗೂ ಹೋಗಂಗಿಲ್ಲ” ಎಂದರು. ಹತ್ತಿರದ ಊರಿನ ವೈದ್ಯರು ನೋಡಿ, ಸೆಕೆಯಿಂದ ಕೂಸಿನ ಮೈಯ ನೀರು ಬತ್ತಿದೆ, ಇನ್ನಷ್ಟು ತಡಮಾಡಿದ್ದರೆ ಕಷ್ಟವಿತ್ತು ಎಂದರು. ಎರಡು ದಿನ ಅಲ್ಲಿಯೇ ಇದ್ದು ಮನೆಗೆ ಮರಳಿದರು. ಅದೇ ವರುಷ ಮಾರ್ಗಶಿರದ ಚಳಿಯಲ್ಲಿ, ನಡುವೆ ಒಂದು ರಾತ್ರಿ ತಂಗಿ, ನೆಮ್ಮದಿಯಿಂದ ಹರಕೆ ಮುಟ್ಟಿಸಿ ಬಂದರು.

ಆ ಹಿರಿಯರ ಮಾತಿನಲ್ಲಿ ಶರಣಧರ್ಮದ ತಿರುಳಿದೆಯೆಂದು ನಾವು ತಿಳಿಯುತ್ತೇವೆ. ತಿಥಿ, ವಾರ, ಮುಹೂರ್ತಗಳಿಗೆ ಅಂಜದೆ ಬದುಕಬೇಕೆಂದು ಶರಣರು ಬೋಧಿಸಿದರು. ದೇಹವನ್ನೇ ಗುಡಿಯೆಂದು ಬಗೆದ ಪರಂಪರೆ ನಮ್ಮದು. ಎಳೆಯ ದೇಹವೆಂಬ ಗುಡಿಯನ್ನು ನೋಯಿಸಿ ಕಲ್ಲಿನ ಗುಡಿಯ ಮೆಟ್ಟಿಲು ಹತ್ತಿದರೆ ಫಲವೇನು? ಹರಕೆಗೆ ದಿನ ಗೊತ್ತುಮಾಡಿದವರು ನಾವು. ಬದಲಿಸುವ ಅಧಿಕಾರವೂ ನಮಗಿದೆ.

ಆದ್ದರಿಂದ ಆರು ತಿಂಗಳೊಳಗಿನ ಕೂಸಿಗೆ ಹತ್ತಿರದ ಯಾತ್ರೆಯೇ ಸಾಕು. ಕುಷ್ಟಗಿಯವರಿಗೆ ಇಳಕಲ್ಲು, ಹುನಗುಂದಗಳ ಮೇಲೆ ಕೂಡಲಸಂಗಮ ಎರಡು ತಾಸಿನ ದಾರಿ. ಗವಿಮಠವಂತೂ ಮನೆಯ ಅಂಗಳವಿದ್ದಂತೆ. ಪುಷ್ಯ ಮಾಸದ ಜಾತ್ರೆಯ ಕಾಲ ತಂಪಾದುದೇ. ಆದರೆ ತೇರಿನ ದಿನ ಲಕ್ಷಾಂತರ ಜನ ಸೇರುವಲ್ಲಿ ಧೂಳು, ನೂಕುನುಗ್ಗಲು ಕೂಸಿಗೆ ಹಿತವಲ್ಲ. ಅಮಾವಾಸ್ಯೆಯ ದಟ್ಟಣೆಯೂ ಹಾಗೆಯೇ. ತೇರು ಸಾಗಿ ಕೆಲವು ದಿನ ಕಳೆದ ಮೇಲೆ ಗದ್ದುಗೆಯ ಮುಂದೆ ಕೂಸನ್ನು ನೆಮ್ಮದಿಯಾಗಿ ಮಲಗಿಸಬಹುದು. ಶ್ರೀಶೈಲವನ್ನು ಕೂಸು ಗಟ್ಟಿಯಾದ ಮೇಲೆ, ಮಾರ್ಗಶಿರ–ಪುಷ್ಯಗಳಲ್ಲಿ, ಎರಡು ದಿನದ ಪಯಣವಾಗಿ ಇಟ್ಟುಕೊಳ್ಳುವುದು ಲೇಸು.

ಹಾಲೇ ಪ್ರಸಾದ

ಮೊದಲ ಆರು ತಿಂಗಳು ಕೂಸಿಗೆ ತಾಯಿಯ ಹಾಲೊಂದೇ ಆಹಾರ. ಬೇಸಿಗೆಯಲ್ಲೂ ನೀರು ಬೇಡ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹಾಲಿನಲ್ಲಿಯೇ ಬೇಕಾದಷ್ಟು ನೀರಿರುತ್ತದೆ. ಸೆಕೆಯಾದಾಗ ಮತ್ತೆ ಮತ್ತೆ ಹಾಲೂಡಿಸಬೇಕು. ತಾಯಿ ಹೆಚ್ಚು ನೀರು, ಮಜ್ಜಿಗೆ ಕುಡಿಯಬೇಕು. ಜೇನುತುಪ್ಪವನ್ನು ವರುಷ ತುಂಬುವವರೆಗೆ ನಾಲಗೆಗೆ ಸವರಲೂಬಾರದು. ಅದರಲ್ಲಿರಬಹುದಾದ ಒಂದು ಬಗೆಯ ರೋಗಾಣು ಎಳೆಯ ಕರುಳಿನಲ್ಲಿ ವಿಷವಾಗಬಲ್ಲದು. ಸನ್ನಿಧಿಯಲ್ಲಿ ತೀರ್ಥ, ಕಲ್ಲುಸಕ್ಕರೆಗಳನ್ನು ಕೂಸಿನ ಬಾಯಿಗೆ ಹಾಕುವ ರೂಢಿಯನ್ನು ಬಿಡುವುದು ಒಳ್ಳೆಯದು. ತಾಯಿ ಸ್ವೀಕರಿಸಿದ ಪಾದೋದಕ, ಪ್ರಸಾದಗಳು ಹಾಲಾಗಿ ಕೂಸನ್ನು ಮುಟ್ಟುತ್ತವೆ. ಅದಕ್ಕಿಂತ ಬೇರೆ ಪ್ರಸಾದ ಅದಕ್ಕೆ ಬೇಡ.

ಮಠದ ಆವರಣದಲ್ಲಿ ಹಾಲೂಡಿಸಬಹುದೇ, ಬಾಣಂತಿ ಒಳಗೆ ಬರಬಹುದೇ ಎಂದು ಸೊಸೆಯಂದಿರು ಸಂಕೋಚದಿಂದ ಕೇಳುವುದುಂಟು. ಪಂಚಸೂತಕಗಳನ್ನು ಅಲ್ಲಗಳೆದ ಧರ್ಮ ನಮ್ಮದು, ಜನನಸೂತಕ ಅದರಲ್ಲೊಂದು. ಲಿಂಗವಂತಳಿಗೆ ಮೈಲಿಗೆಯಿಲ್ಲ. ಅಳುವ ಕೂಸನ್ನು ಹೊರಗೊಯ್ಯಿರೆಂದು ಗದರುವವರೇ ಅಲ್ಲಿ ತಪ್ಪಿದವರು.

ಇನ್ನೊಂದು ಸೂಕ್ಷ್ಮ ವಿಷಯ. ಕೂಸಿನ ಕೊರಳಿಗೆ ಕಟ್ಟಿದ ಶಿವದಾರ, ರುದ್ರಾಕ್ಷಿ, ತಾಯಿತಗಳು ಕುಲುಕಾಡುವ ಗಾಡಿಯಲ್ಲಿ, ನಿದ್ರೆಯಲ್ಲಿ, ಎಳೆಯ ಕೊರಳನ್ನು ಬಿಗಿಯುವ ಅಪಾಯವಿದೆ. ಪಯಣದ ಹೊತ್ತಿನಲ್ಲಿ ಕೂಸಿನ ಇಷ್ಟಲಿಂಗವನ್ನು ತಾಯಿ ತನ್ನ ಲಿಂಗದೊಡನೆ ಧರಿಸಬಹುದೆಂಬುದು ನಮ್ಮ ಅಭಿಪ್ರಾಯ. ತಾಯಿಯ ಮೈಯೇ ಕೂಸಿನ ಆಸರೆಯಾಗಿರುವ ಕಾಲವದು. ಸಂಶಯವಿದ್ದವರು ತಮ್ಮ ಮನೆಯ ಗುರುಗಳನ್ನು ಕೇಳಿ ಹೊರಡಲಿ. ವಿಭೂತಿಯನ್ನು ಹಣೆಗೆ ತೆಳುವಾಗಿ ಸವರಿದರೆ ಸಾಕು. ಪುಡಿ ಮೂಗಿಗೆ ಹೋಗದಂತೆ ನೋಡಿಕೊಳ್ಳಬೇಕು.

ವಾಹನದ ವಿಚಾರ

ಕಾರಿನಲ್ಲಿ ಹೋಗುವವರು ಕೂಸನ್ನು ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಕೂಡಿಸಿಕೊಳ್ಳುವುದನ್ನು ಎಲ್ಲೆಡೆ ಕಾಣುತ್ತೇವೆ. ಗಾಡಿ ಥಟ್ಟನೆ ನಿಂತರೆ ಎಂಥ ಬಲಶಾಲಿಯ ತೋಳೂ ಕೂಸನ್ನು ಹಿಡಿದಿಡಲಾರದು. ಏರ್‌ಬ್ಯಾಗ್ ತೆರೆದುಕೊಂಡರಂತೂ ಅದರ ಏಟು ಕೂಸಿಗೆ ಪ್ರಾಣಾಂತಕ. ಹಿಂದಿನ ಸೀಟಿನಲ್ಲಿ, ಹಿಮ್ಮುಖವಾಗಿ ಬಿಗಿಯುವ ಕೂಸಿನ ಆಸನವೇ ಸರಿಯಾದದ್ದು. 14 ವರುಷದೊಳಗಿನ ಮಕ್ಕಳನ್ನು ಬೆಲ್ಟಿನಿಂದಲೋ ಮಕ್ಕಳ ಆಸನದಿಂದಲೋ ಭದ್ರಪಡಿಸದಿದ್ದರೆ 1000 ರೂಪಾಯಿ ದಂಡವೆಂದು 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಹೇಳುತ್ತದೆ. ತೊಟ್ಟಿಲ ಶಾಸ್ತ್ರಕ್ಕೆ ಸಾವಿರಾರು ರೂಪಾಯಿ ವ್ಯಯಿಸುವ ಬಂಧುಗಳು ಬೆಳ್ಳಿಯ ಬಟ್ಟಲಿನ ಬದಲು ಇಂಥ ಆಸನವನ್ನು ಉಡುಗೊರೆ ಕೊಡಬಾರದೇಕೆ?

ಜಾತ್ರೆಗೆ ಟ್ರ್ಯಾಕ್ಟರ್ ಟ್ರೇಲರಿನಲ್ಲಿ, ತುಂಬಿ ತುಳುಕುವ ಟಂಟಂನಲ್ಲಿ ಕೂಸನ್ನು ಒಯ್ಯಬೇಡಿರಿ. ಮೋಟಾರು ಬೈಕಿನ ವಿಷಯದಲ್ಲಿ, ಒಂಬತ್ತು ತಿಂಗಳಿನಿಂದ ನಾಲ್ಕು ವರುಷದ ಮಕ್ಕಳಿಗೆ ಸುರಕ್ಷಾ ಪಟ್ಟಿ, ಹೆಲ್ಮೆಟ್, 40 ಕಿಲೋಮೀಟರು ಮೀರದ ವೇಗ ಎಂದು 2022ರಲ್ಲಿ ನಿಯಮವಾಗಿದೆ. ಅದಕ್ಕಿಂತ ಸಣ್ಣ ಕೂಸನ್ನು ಬೈಕಿನಲ್ಲಿ ದೂರ ಒಯ್ಯದಿರುವುದೇ ವಿವೇಕ. 2025ರಲ್ಲಿ ಕುಷ್ಟಗಿಗೂ ರೈಲು ಬಂದಿತು. ಗಂಗಾವತಿಗೆ 2019ರಲ್ಲಿಯೇ ಬಂದಿದೆ. ದಾರಿ ಹೊಂದುವಲ್ಲಿ ರೈಲಿನ ಪಯಣ ಬಾಣಂತಿಗೆ ಹಗುರ.

ಚಾಲಕನನ್ನು ಗೊತ್ತುಮಾಡುವಾಗ ಬಾಡಿಗೆಯೊಂದನ್ನೇ ನೋಡಬೇಡಿರಿ. ನಿದ್ರೆಗೆಟ್ಟವನಿಗೂ ಕುಡಿಯುವವನಿಗೂ ಕೂಸಿರುವ ಗಾಡಿಯನ್ನು ಒಪ್ಪಿಸಬಾರದು. ಜೋಳಿಗೆ ಹಿಡಿದು ಜನರ ದುಶ್ಚಟಗಳನ್ನು ಭಿಕ್ಷೆ ಬೇಡಿದ ಇಳಕಲ್ಲಿನ ಮಹಾಂತ ಸ್ವಾಮಿಗಳು ನಡೆದಾಡಿದ ನಾಡಿದು.

ಜೊತೆಯಲ್ಲಿ ತಾಯಿ ಕಾರ್ಡು ಇರಲಿ. ಆರು, ಹತ್ತು, ಹದಿನಾಲ್ಕನೆಯ ವಾರದ ಲಸಿಕೆಗಳಾದ ಮೇಲೆ ಹೊರಡುವುದು ಒಳ್ಳೆಯದು. ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಬಂದರೆ ಅಂದೇ ವೈದ್ಯರಿಗೆ ತೋರಿಸಬೇಕು. ಆರು ತಾಸಿನವರೆಗೆ ಮೂತ್ರ ಮಾಡದಿದ್ದರೆ, ನೆತ್ತಿ ಕುಳಿಬಿದ್ದರೆ, ಎಬ್ಬಿಸಿದರೂ ಹಾಲು ಕುಡಿಯದಿದ್ದರೆ ಮುಂದಿನ ಊರಿನವರೆಗೆ ಕಾಯದೆ 108ಕ್ಕೆ ಫೋನು ಮಾಡಿರಿ. ದಾರಿಯಲ್ಲಿ ಮಲಗಲೆಂದು ಕೆಮ್ಮಿನ ಔಷಧ ಕುಡಿಸುವುದು ಮಹಾ ಅಪರಾಧ.

ದಾಸೋಹದ ಇನ್ನೊಂದು ಬಗೆ

ಹರಕೆಗಾಗಿಯಲ್ಲದೆ ಹೊಟ್ಟೆಗಾಗಿ ಕೂಸು ಕಟ್ಟಿಕೊಂಡು ದೂರ ಹೋಗುವವರೂ ನಮ್ಮಲ್ಲಿದ್ದಾರೆ. ಕುಷ್ಟಗಿ, ಯಲಬುರ್ಗಾ ಭಾಗದಿಂದ ಮಳೆ ಕೈಕೊಟ್ಟ ವರುಷ ಮಂಗಳೂರು, ಗೋವಾ, ಬೆಂಗಳೂರುಗಳಿಗೆ ಗುಳೆ ಹೋಗುವ ತಾಯಿ ರಾತ್ರಿಯ ಬಸ್ಸಿನಲ್ಲಿ ಗಂಟುಗಳ ನಡುವೆ ಕೂಸನ್ನು ಮಲಗಿಸಿಕೊಂಡಿರುತ್ತಾಳೆ. ದಿನ ಬದಲಿಸುವ ಸ್ವಾತಂತ್ರ್ಯ ಅವಳಿಗಿಲ್ಲ. ಅವಳಿಗೆ ಸೀಟು ಬಿಟ್ಟುಕೊಡುವುದು, ಹಾಲೂಡಿಸುವಾಗ ಮುಖ ತಿರುಗಿಸಿ ಮರೆಯಾಗುವುದು, ಇಳಿಯುವಾಗ ಗಂಟು ಹಿಡಿಯುವುದು ನಮ್ಮ ಪಾಲಿಗೆ ಜಂಗಮಸೇವೆ.

ಮಠಗಳ ಭಕ್ತಮಂಡಳಿಗಳಿಗೂ, ಶ್ರೀಶೈಲದ ಪಾದಯಾತ್ರಿಗಳಿಗಾಗಿ ದಾರಿಯುದ್ದಕ್ಕೂ ದಾಸೋಹ ನಡೆಸುವ ಗ್ರಾಮಸ್ಥರಿಗೂ ನಮ್ಮದೊಂದು ಕೋರಿಕೆ. ನೀವು ಸಾವಿರಾರು ಜನರಿಗೆ ರೊಟ್ಟಿ, ಮಾದಲಿ ಬಡಿಸುತ್ತೀರಿ. ಅದೇ ಪೆಂಡಾಲಿನ ಒಂದು ಮೂಲೆಗೆ ಪರದೆ ಕಟ್ಟಿ ಒಂದು ಚಾಪೆ, ಒಂದು ಜೋಲಿ, ಬಿಸಿನೀರು, ಒಬ್ಬ ಹಿರಿಯ ತಾಯಿಯ ಆಸರೆ ಇರಲಿ. ಖರ್ಚು ನೂರು ರೊಟ್ಟಿಯಷ್ಟೂ ಆಗದು. ಮುಂದಿನ ಯುಗಾದಿಗೆ ಒಂದೊಂದು ಊರಿನವರು ಒಂದೊಂದು ಮೂಲೆಯನ್ನು ಹೀಗೆ ಕಾಯ್ದಿರಿಸಿದರೆ, ಕುಷ್ಟಗಿಯಿಂದ ಘಟ್ಟದವರೆಗೆ ಹಸುಗೂಸಿನ ತಾಯಿಗೆ ನಿಲ್ಲಲು ಒಂದು ನೆಲೆ ದೊರೆಯುತ್ತದೆ. ಭಕ್ತ ಬಂಧುಗಳು ಮನಸ್ಸು ಮಾಡಬೇಕು.