ಜಾತಿ ಪ್ರಮಾಣಪತ್ರದ ಪರಿಶೀಲನೆ: ಆಕ್ಷೇಪ ಬಂದಾಗ ಕಾನೂನು ಏನು ಹೇಳುತ್ತದೆ?

ಮೀಸಲಾತಿಯಡಿ ಸರ್ಕಾರಿ ನೌಕರಿಗೆ ಆಯ್ಕೆಯಾದವರಿಗೆ ತಹಶೀಲ್ದಾರರು ಕೊಟ್ಟ ಪ್ರಮಾಣಪತ್ರವೊಂದೇ ಸಾಲದು. ಅದು ಜಿಲ್ಲಾ ಪರಿಶೀಲನಾ ಸಮಿತಿಯ ಮುಂದೆ ಹೋಗಿ ಸಿಂಧುತ್ವ ಪ್ರಮಾಣಪತ್ರ ಪಡೆಯಬೇಕು. ಸಮಿತಿ ಒಪ್ಪದಿದ್ದರೆ ಕೈಗೆ ಬಂದ ಕೆಲಸ ತಪ್ಪಬಹುದು. ಇಂಥ ಪ್ರಕರಣಗಳು ನ್ಯಾಯಾಲಯದ ಮೆಟ್ಟಿಲೇರಿದಾಗ ಗೆಲುವು ಸೋಲು ನಿಂತಿರುವುದು ಹೆಚ್ಚಾಗಿ ಎರಡರ ಮೇಲೆ: ಹಳೆಯ ದಾಖಲೆ ಮತ್ತು ಸರಿಯಾದ ವಿಚಾರಣಾ ಕ್ರಮ.

ಜೈನರಿಗೆ ಎಲ್ಲಿ ತೊಡಕು?

ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ದಿಗಂಬರ ಜೈನರು ಪ್ರವರ್ಗ 3ಬಿಗೆ ಸೇರಿದ್ದಾರೆ. 2014ರ ಜನವರಿ 27ರ ಕೇಂದ್ರ ಅಧಿಸೂಚನೆಯಿಂದ ಸಮಸ್ತ ಜೈನರಿಗೂ ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಸ್ಥಾನಮಾನ ದೊರೆಯಿತು. ಇವೆರಡೂ ಬೇರೆ ಬೇರೆ. ಅಲ್ಪಸಂಖ್ಯಾತ ಪ್ರಮಾಣಪತ್ರ ತೋರಿಸಿ 3ಬಿ ಮೀಸಲಾತಿ ಕೇಳಲಾಗದು. 3ಬಿಗೆ ದಿಗಂಬರ ಪಂಥಕ್ಕೆ ಸೇರಿದವರೆಂಬುದೂ ಕುಟುಂಬದ ಆದಾಯ ಮಿತಿಯೊಳಗಿದೆ ಎಂಬುದೂ ರುಜುವಾತಾಗಬೇಕು. ಶಾಲಾ ದಾಖಲೆಯಲ್ಲಿ ‘ಜೈನ’ ಅಥವಾ ‘ಹಿಂದೂ ಜೈನ’ ಎಂದಷ್ಟೇ ಇದ್ದರೆ ಪ್ರಶ್ನೆ ಏಳುವುದು ಇಲ್ಲಿಯೇ.

ಕಾನೂನಿನ ಹಾದಿ

ರಾಜ್ಯದಲ್ಲಿ ಇದಕ್ಕೆ ಆಧಾರ 1990ರ ಮೀಸಲಾತಿ ಕಾಯ್ದೆ ಮತ್ತು 1992ರ ನಿಯಮಗಳು. ತಹಶೀಲ್ದಾರರು ಅರ್ಜಿ ತಿರಸ್ಕರಿಸಿದರೆ 30 ದಿನಗಳೊಳಗೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಪರಿಶೀಲನಾ ಸಮಿತಿಯ ಆದೇಶದ ವಿರುದ್ಧವೂ ಕಾಯ್ದೆಯಲ್ಲೇ ಮೇಲ್ಮನವಿಗೆ ಅವಕಾಶವಿದೆ. ಅದಾದ ನಂತರ ಹೈಕೋರ್ಟಿನಲ್ಲಿ ರಿಟ್ ಅರ್ಜಿ. ಆದರೆ ಹೈಕೋರ್ಟ್ ಸಾಕ್ಷ್ಯವನ್ನೆಲ್ಲ ಮೊದಲಿನಿಂದ ತೂಗುವುದಿಲ್ಲ. ನೋಟಿಸ್ ಕೊಟ್ಟಿದ್ದರೇ, ಅಹವಾಲು ಕೇಳಿದರೇ, ಮುಖ್ಯ ದಾಖಲೆಯನ್ನು ಕಡೆಗಣಿಸಿದರೇ ಎಂಬುದನ್ನು ನೋಡುತ್ತದೆ. ಆದ್ದರಿಂದ ಎಲ್ಲ ದಾಖಲೆಗಳೂ ಸಮಿತಿಯ ಮುಂದೆಯೇ ಬಂದಿರಬೇಕು.

ಸುಪ್ರೀಂ ಕೋರ್ಟ್ ಹೇಳಿದ್ದು

ಮುಖ್ಯ ತೀರ್ಪುಗಳು ಪರಿಶಿಷ್ಟ ಜಾತಿ, ಪಂಗಡಗಳ ಪ್ರಕರಣಗಳಲ್ಲಿ ಬಂದವು. ಆದರೂ ದಾಖಲೆ ಮತ್ತು ವಿಚಾರಣೆಯ ಕುರಿತು ಅವು ಹೇಳಿದ ಮಾತು ಹಿಂದುಳಿದ ವರ್ಗದವರೂ ತಿಳಿದಿರಬೇಕಾದದ್ದು.

1994ರ ಮಾಧುರಿ ಪಾಟೀಲ್ ಪ್ರಕರಣ: ಪರಿಶೀಲನಾ ಸಮಿತಿ ಮತ್ತು ವಿಚಕ್ಷಣಾ ದಳ ಇರಬೇಕು, ವರದಿ ವಿರುದ್ಧವಾಗಿದ್ದರೆ ಅದರ ಪ್ರತಿಯೊಂದಿಗೆ ನೋಟಿಸ್ ಕೊಟ್ಟು ಅಹವಾಲು ಕೇಳಬೇಕು. ಜಾತಿಯನ್ನು ಸಾಬೀತುಪಡಿಸುವ ಹೊಣೆ ಅರ್ಜಿದಾರರದು.

2017ರ ಜಗದೀಶ್ ಬಹಿರಾ ಪ್ರಕರಣ: ಪ್ರಮಾಣಪತ್ರ ಸುಳ್ಳೆಂದು ತೀರ್ಮಾನವಾದರೆ ಅದರಿಂದ ಪಡೆದ ನೌಕರಿ, ಪ್ರವೇಶ ಉಳಿಯುವುದಿಲ್ಲ. ಬಹುಕಾಲ ಸೇವೆ ಸಲ್ಲಿಸಿದೆ, ಮೋಸದ ಉದ್ದೇಶವಿರಲಿಲ್ಲ ಎಂಬ ವಾದ ನಡೆಯದು.

2021ರ ಜೆ. ಚಿತ್ರಾ ಪ್ರಕರಣ: ಒಮ್ಮೆ ಸರಿಯಾದ ವಿಚಾರಣೆ ನಡೆಸಿ ಒಪ್ಪಿದ ಪ್ರಮಾಣಪತ್ರವನ್ನು ಮತ್ತೆ ಕೆದಕುವಂತಿಲ್ಲ. ವಂಚನೆ ನಡೆದಿದ್ದರೆ ಅಥವಾ ವಿಚಾರಣೆಯೇ ಸರಿಯಾಗಿ ಆಗಿರದಿದ್ದರೆ ಮಾತ್ರ ಮರುಪರಿಶೀಲನೆ.

2023ರ ಮಹಾರಾಷ್ಟ್ರದ ಠಾಕೂರ್ ಜಮಾತ್ ಪ್ರಕರಣ: ಸಂವಿಧಾನಪೂರ್ವದ ದಾಖಲೆಗಳಿಗೆ ಹೆಚ್ಚಿನ ತೂಕ. ತಂದೆಯ ಕಡೆಯ ರಕ್ತಸಂಬಂಧಿಗೆ ಸರಿಯಾದ ವಿಚಾರಣೆಯ ನಂತರ ಸಿಂಧುತ್ವ ದೊರೆತಿದ್ದು, ಸಂಬಂಧ ಸಾಬೀತಾದರೆ, ಅದೂ ಬಲವಾದ ಆಧಾರ.

ಈಗಲೇ ಮಾಡಬೇಕಾದ್ದು

ತಂದೆ, ಅಜ್ಜ, ದೊಡ್ಡಪ್ಪ, ಚಿಕ್ಕಪ್ಪ ಮತ್ತು ಸೋದರತ್ತೆಯರ ಶಾಲಾ ದಾಖಲಾತಿ ಪುಸ್ತಕದ ದೃಢೀಕೃತ ಪ್ರತಿ, ಜನನ ದಾಖಲೆ, ಭೂಮಿಯ ಹಳೆಯ ಪತ್ರಗಳನ್ನು ಸಂಗ್ರಹಿಸಿಡಬೇಕು. ಜೊತೆಗೆ ವಂಶವೃಕ್ಷವೂ ಬೇಕು. ಬಸದಿ ಅಥವಾ ಮಠದ ಪತ್ರ ಪೂರಕವಾಗಬಹುದು. ಸರ್ಕಾರಿ ದಾಖಲೆಯ ಬದಲಿಗೆ ನಿಲ್ಲಲಾರದು. ದಾಖಲೆಯಲ್ಲಿ ತಪ್ಪಿದ್ದರೆ ಕಾನೂನುಬದ್ಧವಾಗಿಯೇ ತಿದ್ದಿಸಬೇಕು. ಕೈಬರಹದಲ್ಲಿ ಸೇರಿಸಿದ ಒಂದು ಪದ ನಿಜವಾದ ಹಕ್ಕನ್ನೂ ಅನುಮಾನಕ್ಕೆ ದೂಡುತ್ತದೆ.

ನೋಟಿಸ್ ಬಂದರೆ ಸುಮ್ಮನಿರಬಾರದು. ಕೈಸೇರಿದ ದಿನಾಂಕ ಗುರುತಿಸಿಟ್ಟು, ವರದಿಯ ಪ್ರತಿ ಕೇಳಿ ಪಡೆದು, ಲಿಖಿತ ಉತ್ತರವನ್ನು ಸ್ವೀಕೃತಿಯೊಂದಿಗೆ ಸಲ್ಲಿಸಬೇಕು. ಮೇಲ್ಮನವಿಯ ಗಡುವು ಮುಗಿಯುವ ಮೊದಲೇ ವಕೀಲರನ್ನು ಕಾಣುವುದು ಒಳಿತು.