ಬೀಗರೂಟದ ತುಂಡು

ಎಂಡೋಸ್ಕೋಪಿ ಕೋಣೆಯ ಹೊರಗಿನ ಬೆಂಚು. ಹೆಗಲಲ್ಲಿ ಟವಲು, ಕೈಯಲ್ಲೊಂದು ಪ್ಲಾಸ್ಟಿಕ್ ಡಬ್ಬಿ. ಯಜಮಾನರು ನಿಮಿಷಕ್ಕೊಮ್ಮೆ ಮುಚ್ಚಳ ತೆಗೆದು ಉಗುಳುತ್ತಾರೆ. ನಿನ್ನೆ ಮಧ್ಯಾಹ್ನದಿಂದ ಎಂಜಲೂ ಒಳಗಿಳಿದಿಲ್ಲ.

"ಏನ್ ತಿಂದ್ರಿ?" ಡಾಕ್ಟರ್ ಕೇಳಿದರು.

"ಗಂಜಿ ಸಾ."

"ಸುಳ್ಳು ಯಾಕ್ ಯೋಳೀರಿ? ಬೀಗರೂಟದಲ್ಲಿ ಬಾಡು ತಿಂದವ್ರೆ ಸಾ," ಎಂದರು ಹೆಂಡತಿ.

"ಒಂದೇ ತುಂಡು." ಯಜಮಾನರು ನೆಲ ನೋಡಿದರು.

ಅನ್ನನಾಳದ ಕ್ಯಾನ್ಸರ್. ಗಡ್ಡೆ ದಾರಿ ಮುಚ್ಚಿದ್ದಕ್ಕೆ ಎರಡು ತಿಂಗಳ ಹಿಂದೆ ಸ್ಟೆಂಟ್ ಹಾಕಿದ್ದರು. ಮನೆಯವರ ಬಾಯಲ್ಲಿ ಅದು 'ಸ್ಪ್ರಿಂಗು'. ನಿಕ್ಕಲ್-ಟೈಟಾನಿಯಂ ತಂತಿಯ ಜಾಲರಿ. ಮುದುರಿ ಒಳಗೆ ಬಿಟ್ಟರೆ ತಾನೇ ಅರಳಿ, 18ರಿಂದ 23 ಮಿ.ಮೀ. ಅಗಲದ ದಾರಿ ಬಿಡಿಸುತ್ತದೆ. ಆದರೆ ಅದಕ್ಕೆ ನುಂಗಲು ಬಾರದು. ಸುಮಾರು 25 ಸೆಂ.ಮೀ. ಉದ್ದದ ಅನ್ನನಾಳ ಎರೆಹುಳುವಿನಂತೆ ಹಿಂಡಿ ಹಿಂಡಿ ತುತ್ತನ್ನು ತಳ್ಳುತ್ತದೆ. ಸ್ಟೆಂಟ್ ಇರುವಲ್ಲಿ ತುತ್ತು ತನ್ನ ಭಾರಕ್ಕೇ ಜಾರಬೇಕು. ಮುದ್ದೆಯನ್ನು ಅಗಿಯದೆ ನುಂಗಿ ಬೆಳೆದ ಗಂಟಲಿಗೆ ಇದನ್ನು ಹೇಳಿಕೊಡುವವರು ಯಾರು? ಮಂಡ್ಯದ ಕಡೆ ಮುದ್ದೆ ಅಗಿಯುವವರನ್ನು ಕಂಡರೆ ಮಕ್ಕಳೂ ನಗುತ್ತವೆ.

ಗಂಟಲಿಗೆ ಮರಗಟ್ಟುವ ಔಷಧಿ ಸಿಂಪಡಿಸಿ, ಎಡಮಗ್ಗುಲಿಗೆ ಮಲಗಿಸಿದರು. ಪರದೆಯ ಮೇಲೆ ಗುಲಾಬಿ ಗುಹೆ, ಆಮೇಲೆ ತಂತಿಯ ಬಾಯಿ, ಅದಕ್ಕೆ ಬಿರಡೆ ಜಡಿದಂತೆ ಕಂದು ತುಂಡು. ಪುಟ್ಟ ಇಕ್ಕಳದಲ್ಲಿ ಚೂರು ಚೂರಾಗಿ ಕಿತ್ತರು. ತುಂಡಿಗಿಂತ ಡಾಕ್ಟರಿಗೆ ಸ್ಟೆಂಟಿನದೇ ಚಿಂತೆ. ಹೊದಿಕೆಯಿರುವ ಸ್ಟೆಂಟ್ ಜಾರುವುದು ಹೆಚ್ಚು. ಹೊದಿಕೆಯಿಲ್ಲದಿದ್ದರೆ ಜಾಲರಿಯ ಕಣ್ಣಲ್ಲಿ ಗಡ್ಡೆ ನುಸುಳಿ ಬೆಳೆಯುತ್ತದೆ. ಜಾರಿರಲಿಲ್ಲ. ಮೇಲಂಚಿನಲ್ಲಿ ಮಾತ್ರ ಗಡ್ಡೆ ಇಷ್ಟೇ ಇಣುಕುತ್ತಿತ್ತು. "ಇನ್ನೂ ಬೆಳೆದ್ರೆ ಇದರೊಳಗೇ ಇನ್ನೊಂದು ಹಾಕ್ಬೇಕು," ಎಂದರು, ನರ್ಸಿಗಷ್ಟೇ ಕೇಳುವಂತೆ.

ಹೊರಗೆ ಹೆಂಡತಿಗೆ ಪಾಠ. ಕೂತೇ ಉಣ್ಣಬೇಕು, ಉಂಡ ಕೂಡಲೇ ಮಲಗಬಾರದು, ನಡುನಡುವೆ ನೀರು. ಸ್ಟೆಂಟ್ ಜಠರದ ಬಾಗಿಲನ್ನೇ ತೆರೆದಿಟ್ಟಿರುವುದರಿಂದ ರಾತ್ರಿ ಹುಳಿ ಮೇಲೇರುತ್ತದೆ. ಮಂಚದ ತಲೆಭಾಗದ ಕಾಲಿಗೆ ಇಟ್ಟಿಗೆ ಕೊಡಿ. ರಕ್ತವಾಂತಿ, ಕಪ್ಪು ಭೇದಿ, ನೀರು ಕುಡಿದರೆ ಕೆಮ್ಮು ಕಂಡರೆ ನಡುರಾತ್ರಿಯಾದರೂ ಬನ್ನಿ.

"ಮುದ್ದೆ ಸಾ?"

"ಅಂಬಲಿ ಮಾಡಿ ಕುಡೀರಿ."

ಯಜಮಾನರು ಉತ್ತರಿಸಲಿಲ್ಲ. ಮರಗಟ್ಟಿದ್ದು ಬಿಟ್ಟ ಮೇಲೆ ಒಂದು ಗುಟುಕು ನೀರು ಕುಡಿದರು. ಹೆಂಡತಿ ಅವರ ಗಂಟಲನ್ನೇ ನೋಡುತ್ತಿದ್ದರು. ಇಳಿಯಿತು. ಡಬ್ಬಿಯನ್ನು ಬೆಂಚಿನಡಿ ಬಿಟ್ಟು ಅವರು ಎದ್ದು ಹೊರಟರು. ಆಕೆ ಬಗ್ಗಿ ಅದನ್ನೆತ್ತಿ, ನಲ್ಲಿಯಲ್ಲಿ ತೊಳೆದು, ಚೀಲಕ್ಕೆ ಹಾಕಿಕೊಂಡರು.